ಸುಬ್ಬಲಕ್ಷ್ಮಿಯವರ ಕಿವಿ

ಸುಬ್ಬಲಕ್ಷ್ಮಿಯವರನ್ನು ಸುಂದರಿ ಮೊದಲು ನೋಡಿದ್ದು ಜನವರಿಯ ಒಂದು ಬುಧವಾರ, ಬೆಳಿಗ್ಗೆ ಹತ್ತೂಕಾಲಿಗೆ. ಗಂಟೆ ನೆನಪಿರುವುದಕ್ಕೆ ಕಾರಣ ಉಂಟು. ಆ ದಿನ ಕಳವಾ ಊರಿನ ಖಾಡಿಯ, ಆ ಉಪ್ಪುನೀರಿನ ತೋಡಿನ ಮೇಲೆ ಮಂಜು ಕೂತು ಏಳಲೇ ಇಲ್ಲ. ಲೋಕಲ್ ಗಾಡಿಗಳೆಲ್ಲ ನಿದ್ದೆಗಣ್ಣಿನಲ್ಲಿ ನಡೆದ ಹಾಗೆ ನಡೆದವು. ಒಂಬತ್ತಕ್ಕೆ ಡೊಂಬಿವಲಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಇರಬೇಕಾದವಳು ಮೆಟ್ಟಿಲು ಹತ್ತಿ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುವಾಗ, ಬೆಂಚಿನ ತುದಿಯಲ್ಲಿ ಕೂತಿದ್ದ ಎತ್ತರದ ಹೆಂಗಸೊಬ್ಬರು ಗೋಡೆಯ ಗಡಿಯಾರ ನೋಡಿ, "ಹತ್ತು ಹದಿನೈದು" ಎಂದು ಗಟ್ಟಿಯಾಗಿ ಹೇಳಿದರು. ಬೈದದ್ದಲ್ಲ. ಬರೀ ಗಂಟೆ ಹೇಳಿದ್ದು, ರೇಡಿಯೋದಲ್ಲಿ ಹೇಳಿದ ಹಾಗೆ.

"ಗಾಡಿ ಲೇಟು ಅಮ್ಮ," ಎಂದಳು ಸುಂದರಿ.

"ಕನ್ನಡದೋರಾ? ಯಾವ ಕಡೆ?"

"ಕಾಪು ಕಡೆ. ಈಗ ಕಳವಾ."

"ನಾವು ಮೈಸೂರು. ಈಗ ಕಲ್ಯಾಣ್. ಐವತ್ತು ವರ್ಷ ಆಯ್ತು ಕಣ್ರೀ ಬಂದು, ಈಗಲೂ 'ಈಗ ಕಲ್ಯಾಣ್' ಅಂತೀನಿ ನೋಡಿ." ಹೇಳಿ ತಾವೇ ನಕ್ಕರು. ನಗುವಾಗ ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಎಡಗಿವಿಯನ್ನು ಎದುರಿನವರ ಕಡೆ ಮಾಡಿಕೊಳ್ಳುತ್ತಿದ್ದರು. ಅದು ಅವರ ಚಂದವೆಂದೇ ಸುಂದರಿ ಎಣಿಸಿದಳು.

ಆ ಸೆಂಟರಿನಲ್ಲಿ ಸುಂದರಿಯ ಕೆಲಸ ಇಷ್ಟು: ಬಂದ ಹೆಂಗಸರಿಗೆ ಗೌನು ಕೊಡುವುದು, ಅದರ ಕಸೆ ಕಟ್ಟುವುದು, ಮ್ಯಾಮೋಗ್ರಫಿ ಯಂತ್ರದ ತಟ್ಟೆ ಒರೆಸುವುದು, ಸೋನೋಗ್ರಫಿ ಆದಮೇಲೆ ಎದೆಯ ಮೇಲಿನ ಜೆಲ್ ಒರೆಸುವುದು. ಎಂಟು ವರ್ಷದಿಂದ ಇದೇ. ಗಂಡ ಠಾಣೆಯ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುತ್ತಿದ್ದವನು ತೀರಿಹೋಗಿ ಹನ್ನೊಂದು ವರ್ಷ. ಇವಳು ಓದಿದ್ದು ಎರಡನೇ ಕ್ಲಾಸು. ಕನ್ನಡವನ್ನು ಅಕ್ಷರ ಅಕ್ಷರ ಬಿಡಿಸಿ ಓದುತ್ತಾಳೆ, ಮರಾಠಿಯಲ್ಲಿ ಸ್ಟೇಷನ್ನಿನ ಹೆಸರು ಮಾತ್ರ. ಆದರೆ ಕೈ ನಿಧಾನ, ಕಣ್ಣು ಚುರುಕು. ತಣ್ಣನೆ ತಟ್ಟೆ ಎದೆಗೆ ತಾಗಿದರೆ ಹೆಂಗಸರು ಬೆಚ್ಚುತ್ತಾರೆಂದು ಮೊದಲೇ ಬಿಸಿನೀರಿನ ಚೀಲ ಇಟ್ಟು ಅದನ್ನು ಬೆಚ್ಚಗೆ ಮಾಡಿಡುವುದು ಅವಳದೇ ಯೋಚನೆ. ಬಂದವರೆಲ್ಲ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಯಂತ್ರ ನಡೆಸುವ ಜಯಲತಾ ಮಾತ್ರ ಸುಂದರಕ್ಕ. ಜಯಲತಾ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೇ, ಆದರೆ ಮನೆ ಮಾತು ತುಳು. ಕನ್ನಡ ಆಡಿದರೆ ಕರಾವಳಿಯ ಕನ್ನಡ.

ಗೌನು ಹಾಕಿಸುವಾಗ ಸುಬ್ಬಲಕ್ಷ್ಮಿಯವರ ಬಾಯಿಗೆ ಬಿಡುವಿರಲಿಲ್ಲ. ಹೆದರಿಕೆಯಾದರೆ ಕೆಲವರು ಮೌನವಾಗುತ್ತಾರೆ, ಕೆಲವರು ಮಾತಾಗುತ್ತಾರೆ. ಎಪ್ಪತ್ತೆರಡು ವರ್ಷವಂತೆ. ಸ್ನಾನ ಮಾಡುವಾಗ ಬಲಗಡೆ ಎದೆಯಲ್ಲಿ ಏನೋ ಮೆತ್ತಗೆ ಕೈಗೆ ಸಿಕ್ಕಿತಂತೆ. ಕಲ್ಯಾಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್.

"ಉಲ್ಹಾಸನಗರದ ವ್ಯಾಪಾರಿಗಳದೆಲ್ಲ ಟ್ರಂಕ್ ಕಾಲ್ ನನ್ನ ಕೈಮೇಲೇ ಹೋಗ್ತಿದ್ದದ್ದು. ಸೂರತ್ತು, ಲುಧಿಯಾನ, ಕೊಯಮತ್ತೂರು. ಆ ಕಡೆ ಮಳೆ, ಈ ಕಡೆ ಗಿರಣಿ ಸದ್ದು, ಮಧ್ಯೆ ಗೊರ್ ಅನ್ನೋ ಲೈನು. ಅದರಲ್ಲೂ ಒಂದು ಅಕ್ಷರ ತಪ್ಪಿಸ್ತಿರಲಿಲ್ಲ ಈ ಕಿವಿ. 'ಕಲ್ಯಾಣ್ ಸ್ಪೀಕಿಂಗ್' ಅಂದ್ರೆ ಸಾಕು, ಸೇಠ್‌ಗಳು ಸುಮ್ಮನಾಗೋರು."

"ಈಗ ನೀವು ಸ್ವಲ್ಪ ಸುಮ್ಮನಾಗಬೇಕು ಅಮ್ಮ," ಎಂದಳು ಜಯಲತಾ ಯಂತ್ರದ ಹಿಂದಿನಿಂದ. "ಉಸಿರು ಹಿಡೀರಿ. ಹಾಂ. ಬಿಡಿ."

ಪರದೆಯ ಮೇಲೆ ಚಿತ್ರ ಮೂಡುವುದನ್ನು ನೋಡುವುದೆಂದರೆ ಸುಂದರಿಗೆ ಎಂಟು ವರ್ಷದಲ್ಲೂ ಹಳತಾಗದ ಒಂದು ಸುಖ. ಮೊದಲು ಬರೀ ಕಪ್ಪು. ಆಮೇಲೆ ಆ ಕಪ್ಪಿನಿಂದ ಬೂದು ಬೆಳಕೊಂದು ಮೆಲ್ಲಗೆ ಎದ್ದು ಬರುತ್ತದೆ. ಅದರೊಳಗೆ ಎಳೆ ಎಳೆಯಾಗಿ ಬಿಳಿ ನಾರು, ಹೊಳೆಯ ಕವಲುಗಳ ಹಾಗೆ, ಮೋಡ ಹರಿದು ಚದುರಿದ ಹಾಗೆ. ಒಬ್ಬೊಬ್ಬರದು ಒಂದೊಂದು ಆಕಾಶ. ಕೆಲವು ಚಿತ್ರ ನೋಡುವಾಗ ಅವಳಿಗೆ ತಾನು ಎಲ್ಲಿದ್ದೇನೆಂಬುದೇ ಮರೆತು, ಬಟ್ಟೆ ಕೈಯಲ್ಲೇ ಉಳಿದುಬಿಡುತ್ತಿತ್ತು. ವಯಸ್ಸಾದವರ ಎದೆಯಲ್ಲಿ ನಾರು ಕರಗಿ ಬೂದು ಬಯಲು ಹೆಚ್ಚು. ಸುಬ್ಬಲಕ್ಷ್ಮಿಯವರದೂ ಹಾಗೇ ಇತ್ತು. ಆ ಬಯಲಿನ ನಡುವೆ, ಮಂಜಿನಲ್ಲಿ ತೋರುವ ಹಗಲು ಚಂದ್ರನ ಹಾಗೆ, ಒಂದು ಬಿಳಿ. ಕಡಲೆಗಿಂತ ದೊಡ್ಡದು, ನೆಲ್ಲಿಕಾಯಿಗಿಂತ ಸಣ್ಣದು. ಅಂಚು ಬಳೆಯ ಹಾಗೆ ನುಣುಪು.

"ಉರುಟು ಉಂಟು ಸುಂದರಕ್ಕ," ಎಂದಳು ಜಯಲತಾ ಮೆಲ್ಲ. "ಮುಳ್ಳಿಲ್ಲ. ಬಚಾವ್."

ಹೊರಗಿನ ಗೋಡೆಯ ಮೇಲೆ ಮರಾಠಿಯ ದೊಡ್ಡ ಪೋಸ್ಟರೊಂದು ಇದೆ. ಎರಡು ಚಿತ್ರ. ಒಂದು ದ್ರಾಕ್ಷಿಯ ಹಾಗೆ ಉರುಟು, ನುಣುಪು. ಅದು ಹೆಚ್ಚಾಗಿ ಸಾದಾ ಗಂಟು. ಇನ್ನೊಂದಕ್ಕೆ ಸುತ್ತ ಮುಳ್ಳು, ಒರಟು ಅಂಚು, ಅದಕ್ಕೆ ಹೆದರಬೇಕು. ಓದಲು ಬಾರದವರಿಗೂ ತಿಳಿಯಲೆಂದು ಚಿತ್ರ. ಸುಂದರಿ ಕಲಿತದ್ದು ಆ ಪೋಸ್ಟರಿನಿಂದಲೇ.

ಆಮೇಲೆ ಸೋನೋಗ್ರಫಿ. ಕತ್ತಲೆ ಕೋಣೆ, ಪರದೆಯ ನೀಲಿ ಬೆಳಕು ಮಾತ್ರ. ಡಾಕ್ಟರ್ ಪ್ರಣೀತಾ ಸಣ್ಣ ಪ್ರಾಯದವರು, ಉಡುಪಿ ಮೂಲದವರ ಮಗಳು, ಠಾಣೆಯಲ್ಲಿ ಹುಟ್ಟಿದವರು. ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹೆಚ್ಚಾಗಿ ಹಿಂದಿಯಲ್ಲಿ. ಅವರು ಜೆಲ್ ಹಚ್ಚಿ, ಕೈಯಲ್ಲಿ ಹಿಡಿದ ಯಂತ್ರದ ತುದಿಯನ್ನು ಎದೆಯ ಮೇಲೆ ಆಚೆ ಈಚೆ ನಡೆಸಿದರು. ಪರದೆಯಲ್ಲಿ ಬೂದು ಅಲೆಗಳು ಬಂದವು, ಹೋದವು. ಬೆಳಿಗ್ಗೆಯ ಖಾಡಿಯೇ ಎಂದು ಸುಂದರಿಗೆ ಅನ್ನಿಸಿತು. ಅದೇ ಮಂಜು, ಅದೇ ದೋಣಿ ಇಲ್ಲದ ನೀರು. ಎಷ್ಟು ಹುಡುಕಿದರೂ ಆ ಉರುಟು ಸಿಗಲಿಲ್ಲ.

"ದಿಖ್ ನಹೀ ರಹಾ," ಎಂದರು ಡಾಕ್ಟರ್ ಕೊನೆಗೆ, ಕಾಣುತ್ತಿಲ್ಲವೆಂದು. "ಸಬ್ ಫ್ಯಾಟ್ ಹೀ ಹೈ, ಬರೀ ಕೊಬ್ಬು. ಠೀಕ್ ಹೈ ಆಂಟಿ, ಟೆನ್ಶನ್ ಮತ್ ಲೋ. ಆರು ತಿಂಗಳು ಬಿಟ್ಟು ಫಿರ್ ಸೇ ಕರೇಂಗೆ."

ಬಟ್ಟೆ ಬದಲಿಸುವ ಪರದೆಯ ಹಿಂದೆ ರವಿಕೆ ಹಾಕಿಕೊಳ್ಳುವಾಗ ಸುಬ್ಬಲಕ್ಷ್ಮಿಯವರ ಬೆರಳುಗಳಿಗೆ ಹುಕ್ಕು ಸಿಗುತ್ತಿರಲಿಲ್ಲ. ಆಯಾಗಳು ರೋಗಿಗಳಿಗೆ ಏನೂ ಹೇಳಕೂಡದೆಂದು ನಿಯಮ. ಎಂಟು ವರ್ಷ ಸುಂದರಿ ಅದನ್ನು ಮೀರಿದವಳಲ್ಲ. ಆ ದಿನ ಹುಕ್ಕು ಹಾಕಿಕೊಡುತ್ತ, ಬಲಗಿವಿಯ ಹತ್ತಿರ, ಮೆಲ್ಲ ಹೇಳಿದಳು.

"ಹೆದರಬೇಡಿ ಅಮ್ಮ. ಉರುಟು ಉಂಟಂತೆ, ಅಷ್ಟೆ."

ಸುಬ್ಬಲಕ್ಷ್ಮಿಯವರ ಕೈ ನಿಂತಿತು. "ಒರಟಾ?"

"ಹೌದಮ್ಮ, ಉರುಟು. ನಾನೇ ಕಣ್ಣಾರೆ ನೋಡಿದೆ."

"ಪೂರ್ತಿನಾ? ಸುತ್ತಾನೂ?"

"ಸುತ್ತ."

"ಅಯ್ಯೋ, ಇದನ್ನ ನಗ್ತಾ ನಗ್ತಾ ಹೇಳ್ತಿದೀರಲ್ಲ ತಾಯಿ!"

"ಉರುಟು ಇದ್ದರೆ ನಗದೆ ಮತ್ತೆಂತ ಮಾಡುವುದು? ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ, ಒಂದು ಒಳ್ಳೆ ನಿದ್ದೆ ಮಾಡಿ."

ಸುಬ್ಬಲಕ್ಷ್ಮಿ ಅವಳನ್ನು ಬಹಳ ಹೊತ್ತು ನೋಡಿದರು, ಮಠದ ಸ್ವಾಮಿಗಳನ್ನು ನೋಡುವ ಹಾಗೆ. "ನಿಮ್ಮಂಥ ಗಟ್ಟಿ ಜೀವ ನೋಡಿಲ್ಲ ಕಣ್ರೀ," ಎಂದು ಕೈ ಮುಗಿದು ಹೊರಟರು. ಇಷ್ಟಕ್ಕೆ ಕೈ ಮುಗಿಯುವುದೆಂತ ಎಂದು ಸುಂದರಿಗೆ ನಾಚಿಕೆಯಾಯಿತು. ಆದರೂ ಒಬ್ಬರಿಗೆ ಧೈರ್ಯ ಹೇಳಿದ ಸಂತೋಷದಲ್ಲಿ ಆ ದಿನ ಸಂಜೆಯ ಗಾಡಿಯ ನೂಕು ಕೂಡ ಅವಳಿಗೆ ತೊಟ್ಟಿಲಿನ ಹಾಗಿತ್ತು.

ಸೋಮವಾರ ಅವರು ಮತ್ತೆ ಬಂದರು. ಈ ಸಲ ಜೊತೆಯಲ್ಲಿ ಗಂಡ ಅಶ್ವತ್ಥನಾರಾಯಣ, ವಿಮಾ ಆಫೀಸಿನಿಂದ ನಿವೃತ್ತರು, ಕುತ್ತಿಗೆಗೆ ಮಫ್ಲರ್. ಡಾಕ್ಟರ್ ಕೋಣೆಯ ಬಾಗಿಲಿಗೆ ಪರದೆ ಮಾತ್ರ. ಆಚೆ ಬದಿಯಲ್ಲಿ ಸುಂದರಿ ಒಗೆದು ಬಂದ ಗೌನು ಮಡಚುತ್ತಿದ್ದಳು.

"ನನಗೆ ಸೂಜಿ ಪರೀಕ್ಷೆ ಮಾಡಿಬಿಡಿ ಡಾಕ್ಟ್ರೇ," ಅನ್ನುತ್ತಿದ್ದರು ಸುಬ್ಬಲಕ್ಷ್ಮಿ. "ಆರು ತಿಂಗಳು ಕಾಯೋಕಾಗಲ್ಲ."

"ಐದು ದಿನದಿಂದ ಒಂದೇ ಜಪ ಡಾಕ್ಟರ್," ಎಂದರು ಅಶ್ವತ್ಥನಾರಾಯಣ. "ಒರಟು, ಒರಟು, ಒರಟು. ನಾನೇನು ಮಾಡಿದೆನೇ ಅಂತ ಕೇಳಿದೆ. ನೀವಲ್ಲ, ನೀವು ಹಳೇ ಒರಟು, ಇದು ಹೊಸದು ಅಂದಳು."

"ಒರಟು ಮತಲಬ್?"

"ರಫ್ ಅಮ್ಮ, ರಫ್. ಅಂಚು ರಫ್ ಇದೆಯಂತೆ."

"ಕಿಸನೇ ಬೋಲಾ?" ಡಾಕ್ಟರರ ದನಿ ಏರಿತು. "ಬಿಲ್ಕುಲ್ ಸ್ಮೂತ್ ಹೈ. ರಿಪೋರ್ಟಿನಲ್ಲಿ ಬರೆದಿದೆ. ಯಾರು ಹೇಳಿದ್ದು ನಿಮಗೆ?"

"ಅದನ್ನ ಹೇಳಲ್ಲ. ಮೂವತ್ತೊಂದು ವರ್ಷ ಲೈನ್ ಮೇಲೆ ಎಷ್ಟೆಷ್ಟೋ ಕೇಳಿಸ್ಕೊಂಡಿದೀನಿ, ಯಾರ ಮಾತನ್ನೂ ಯಾರಿಗೂ ಕೊಟ್ಟೋಳಲ್ಲ. ಆದರೆ ಹೇಳಿದೋರು ಸುಳ್ಳು ಹೇಳೋ ಮುಖದೋರಲ್ಲ. ನಿಮ್ಮ ಕಾಗದಕ್ಕಿಂತ ನನಗೆ ಆ ಮುಖ ಮೇಲು."

ಡಾಕ್ಟರು, ಬೇಕಿಲ್ಲದ ಕಡೆ ಸೂಜಿ ಹಾಕುವುದು ತನಗೆ ಇಷ್ಟವಿಲ್ಲ, ಆದರೂ ಅಷ್ಟು ಹಟವಿದ್ದರೆ ಗುರುವಾರ ಬನ್ನಿ ಎಂದು ಹೇಳಿ ಕಳುಹಿಸಿದರು.

ಸುಂದರಿಯ ಕೈಯಲ್ಲಿ ಗೌನು ಅರ್ಧ ಮಡಚಿದ ಹಾಗೆಯೇ ಇತ್ತು. ಒರಟು. ಆ ಒಂದು ಶಬ್ದ ಅವಳ ತಲೆಯೊಳಗೆ ನಿಧಾನವಾಗಿ ತಿರುಗಿ, ತನ್ನ ಬೆನ್ನು ತೋರಿಸಿತು. ತಾನು ಹೇಳಿದ್ದು ಉರುಟು, ದುಂಡಗೆ ಅಂತ. ಮೈಸೂರಿನವರು ಕೇಳಿಸಿಕೊಂಡದ್ದು ಒರಟು.

ಪಕ್ಕದ ಯಂತ್ರದ ಕೋಣೆಯಿಂದ ಬಂದು ಕೇಳಿಸಿಕೊಂಡ ಜಯಲತಾಳಿಗೂ ಅಷ್ಟರಲ್ಲಿ ಅರ್ಥವಾಗಿತ್ತು. "ನಿಮ್ಮ ಬಾಯಿ ಮಾರಾಯ್ತಿ!" ಎಂದು ಪಿಸುಗುಟ್ಟಿದಳು. "ಎಂತ ಹೇಳಿದ್ರಿ ಅವರಿಗೆ? ಡಾಕ್ಟ್ರಿಗೆ ಗೊತ್ತಾದ್ರೆ ನಾಳೆಯಿಂದ ನೀವು ಮನೆಯಲ್ಲಿ. ಸುಮ್ಮನಿರಿ ಈಗ. ಒಂದು ಸೂಜಿ ತಾನೆ? ಹೋಗ್ಲಿ."

ಸುಂದರಿ ಆ ಗೌನನ್ನು ಪೂರ್ತಿ ಮಡಚಿ, ರಾಶಿಯ ಮೇಲಿಟ್ಟು, ಚಪ್ಪಲಿ ಹಾಕಿಕೊಂಡಳು.

"ಎಲ್ಲಿಗೆ?"

"ಅವರು ಐದು ದಿನ ನಿದ್ದೆ ಮಾಡ್ಲಿಲ್ಲ ಜಯಲತಾ. ಹೇಳಿ ಬರ್ತೇನೆ."

ಸ್ಟೇಷನ್ ಎರಡು ನಿಮಿಷದ ದಾರಿ. ಕಲ್ಯಾಣ್ ಕಡೆಯ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಸುಬ್ಬಲಕ್ಷ್ಮಿ ಒಬ್ಬರೇ ಕೂತಿದ್ದರು. ಗಂಡ ಆಚೆ ಪೇಪರ್ ಸ್ಟಾಲಿನ ಮುಂದೆ ನಿಂತು ಪುಕ್ಕಟೆ ಓದುತ್ತಿದ್ದರು. ಚಳಿಗಾಲದ ಬಿಸಿಲು ಹಳಿಗಳ ಮೇಲೆ ಹಾಲಿನ ಕೆನೆಯ ಹಾಗೆ ಬಿದ್ದಿತ್ತು. ಸುಂದರಿ ಪಕ್ಕದಲ್ಲಿ ಕೂತಳು, ಈ ಸಲ ಎಡಗಡೆ, ಅವರು ಯಾವಾಗಲೂ ಮುಂದೆ ಮಾಡುವ ಕಿವಿಯ ಬದಿ.

"ಅಮ್ಮ, ನಾನು ಹೇಳಿದ್ದು ಉರುಟು. ನಿಮ್ಮ ಒರಟು ಅಲ್ಲ."

"ಏನು ಹಾಗಂದ್ರೆ?"

"ಚಂದ್ರ ಉರುಟು. ದೋಸೆ ಉರುಟು. ಬಳೆ ಉರುಟು. ನಮ್ಮ ಕಡೆ ಹಾಗೇ ಹೇಳುವುದು."

ಸುಬ್ಬಲಕ್ಷ್ಮಿ ಬಾಯಿ ತೆರೆದು ಅವಳನ್ನೇ ನೋಡಿದರು. "ದುಂಡಗಿದೆ ಅಂದ್ರಾ?"

"ದುಂಡಗೆ. ನುಣುಪು. ಆ ಪೋಸ್ಟರಿನ ದ್ರಾಕ್ಷಿ ಉಂಟಲ್ಲ, ಅದೇ ಥರ."

ಅವರಿಗೆ ನಗು ಬಂತು. ಮೊದಲು ಭುಜ ಅಲುಗಿತು, ಆಮೇಲೆ ಇಡೀ ಬೆಂಚು. ಕಣ್ಣಲ್ಲಿ ನೀರು. ಆಸನಗಾಂವ್ ಲೋಕಲ್ ಬಂದು ಹೋಯಿತು, ಅವರು ನಗುತ್ತಲೇ ಇದ್ದರು. "ಮೂವತ್ತೊಂದು ವರ್ಷ ಕಣ್ರೀ! ಲುಧಿಯಾನದ ಪಂಜಾಬಿ ತಿಳೀತಿತ್ತು ನನಗೆ. ನಮ್ಮ ಕನ್ನಡದಲ್ಲೇ ರಾಂಗ್ ನಂಬರ್ ಆಯ್ತಲ್ಲ! ಈ ಬಲಗಿವಿ ಎರಡು ವರ್ಷದಿಂದ ಸರಿಯಿಲ್ಲ, ಇವರಿಗೂ ಹೇಳಿಲ್ಲ." ಕಣ್ಣೊರೆಸಿಕೊಂಡು ಎದ್ದರು. "ಬದುಕಿಸಿದ್ರಿ. ಇನ್ನು ಸೂಜಿನೂ ಬೇಡ ಗೀಜಿನೂ ಬೇಡ. ರೀ, ಬನ್ನಿ, ಮುಂದಿನ ಗಾಡಿಗೆ ಹೋಗೋಣ!"

ಸುಂದರಿ ಇಲ್ಲಿಗೆ ಎದ್ದು ಹೋಗಬಹುದಿತ್ತು. ಹೇಳಬೇಕಾದ್ದನ್ನು ಹೇಳಿ ಆಗಿತ್ತು, ಕೆಲಸವೂ ಉಳಿದಿತ್ತು. ಆದರೆ ಅವಳಿಗೆ ಅರ್ಧಕ್ಕೆ ಬಿಟ್ಟದ್ದು ಯಾವುದನ್ನೂ ಸಹಿಸಲಾಗುವುದಿಲ್ಲ. ಹಳಿಗಳ ಮೇಲಿನ ಬಿಸಿಲನ್ನು ನೋಡುತ್ತಿದ್ದಾಗ ಅವಳ ಕಣ್ಣ ಮುಂದೆ ಮತ್ತೆ ಆ ಕತ್ತಲೆ ಕೋಣೆ, ಆ ಬೂದು ನೀರು ಬಂತು. ಸುಬ್ಬಲಕ್ಷ್ಮಿಯವರ ಸೆರಗಿನ ತುದಿ ಹಿಡಿದಳು.

"ಕೂತುಕೊಳ್ಳಿ ಅಮ್ಮ. ಇನ್ನೊಂದುಂಟು. ಅದನ್ನೂ ಕೇಳಿಯೇ ಹೋಗಿ."

"ಹೇಳಿ."

"ಮೊದಲಿನ ಮಿಷನಿನಲ್ಲಿ ಅದು ಕಂಡಿತು. ಎರಡನೇದರಲ್ಲಿ ಕಾಣಲಿಲ್ಲ."

"ಕೊಬ್ಬು ಅಂದರಲ್ಲ ಡಾಕ್ಟರು."

"ಅವರು ಕಲಿತವರು. ನನಗೆ ಗೊತ್ತಿರುವುದು ಒರೆಸುವುದು ಮಾತ್ರ. ಆದರೆ ಎಂಟು ವರ್ಷ ಆ ಕೋಣೆಯಲ್ಲಿ ನಿಂತಿದ್ದೇನೆ. ನೀರಿನ ಗುಳ್ಳೆಯಾದರೆ ಅಲ್ಲಿ ಕಪ್ಪಗೆ ಕಾಣ್ತದೆ, ಬಾವಿಯ ಹಾಗೆ. ಸಾದಾ ಗಂಟಾದರೆ ಮೋಡದ ಹಾಗೆ ಮಬ್ಬಾಗಿ, ಅಂಚು ಸಮೇತ ಕಾಣ್ತದೆ. ಇಷ್ಟು ದೊಡ್ಡ ಉರುಟು, ಒಂದು ಕಡೆ ಚಂದ್ರನ ಹಾಗೆ ಕಂಡದ್ದು, ಇನ್ನೊಂದು ಕಡೆ ಇಲ್ಲವೇ ಇಲ್ಲ ಅಂತ ಆದದ್ದನ್ನು ನಾನು ನೋಡಲಿಲ್ಲ. ಕೆಟ್ಟದು ಅಂತ ನಾನು ಹೇಳುವುದಿಲ್ಲ. ಒಳ್ಳೇದು ಅಂತಲೂ ಇನ್ನು ಹೇಳುವುದಿಲ್ಲ. ಕಾಣಲಿಲ್ಲ, ಅಷ್ಟೇ."

ಸುಬ್ಬಲಕ್ಷ್ಮಿಯವರ ಮುಖದಿಂದ ನಗು ಇಳಿದುಹೋಗಿ, ಅಲ್ಲಿ ಬೇರೆ ಒಬ್ಬ ಹೆಂಗಸು ಕೂತ ಹಾಗಾಯಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು.

"ನಮ್ಮಲ್ಲೂ ಇತ್ತು ಅಂಥದ್ದು," ಎಂದರು. "ನಂಬರು ಪುಸ್ತಕದಲ್ಲಿದೆ. ಅಂಗಡಿಯೂ ಇದೆ. ಪ್ಲಗ್ ಹಾಕಿದರೆ ರಿಂಗ್ ಇಲ್ಲ, ಎಂಗೇಜೂ ಇಲ್ಲ, ಸುಮ್ಮನೆ ಗಾಳಿ. ಅದನ್ನ 'ನೋ ರಿಪ್ಲೈ' ಅಂತ ಬರೆಯೋ ಹಾಗಿರಲಿಲ್ಲ. ಸೂಪರ್‌ವೈಸರ್‌ಗೆ ತಿಳಿಸಬೇಕು, ಲೈನ್‌ಮ್ಯಾನ್ ಹೋಗಿ ನೋಡಿ ಬರಬೇಕು. ಅದು ರೂಲ್."

ಅಶ್ವತ್ಥನಾರಾಯಣ ಅವಸರದಿಂದ ಬಂದರು. "ಗಾಡಿ ಬಂತು, ಏಳು."

"ಬಂದರೆ ಹೋಗಲಿ ಬಿಡಿ. ಗುರುವಾರ ಸೂಜಿ ಇದೆ ನನಗೆ."

"ಅಲ್ಲ ಕಣೇ, ಈಗ ತಾನೇ ನಗ್ತಿದ್ದೆ!"

"ಅದು ಬೇರೆ ಕಾಲ್. ಇದು ಬೇರೆ ಕಾಲ್."

ಗುರುವಾರ ಅವರು ಡಾಕ್ಟರಿಗೆ ಒರಟಿನ ಮಾತೇ ಎತ್ತಲಿಲ್ಲ. ಒಂದೇ ಪ್ರಶ್ನೆ ಕೇಳಿದರು, ಆಪರೇಟರ್ ದನಿಯಲ್ಲಿ: ಒಂದು ಯಂತ್ರದಲ್ಲಿ ಇದ್ದದ್ದು ಇನ್ನೊಂದರಲ್ಲಿ ಎಲ್ಲಿಗೆ ಹೋಯಿತು? ಡಾಕ್ಟರ್ ಪ್ರಣೀತಾ ಹಳೆ ಚಿತ್ರ ತೆರೆದು ಪಕ್ಕದಲ್ಲಿಟ್ಟುಕೊಂಡರು. ದೀಪ ಆರಿಸಲು ಸುಂದರಿಗೆ ಹೇಳಿದರು.

ಆ ದಿನ ಹುಡುಕಿದ್ದು ಬಹಳ ಹೊತ್ತು. ಕೋಣೆಯಲ್ಲಿ ಯಂತ್ರದ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಬೂದು ನೀರು ಮೆಲ್ಲ ಮೆಲ್ಲ ಹರಿಯಿತು. ಸುಂದರಿಗೆ ತಾನೂ ಆ ನೀರಿನೊಳಗೆ ನಿಂತ ಹಾಗೆ, ಕಾಲ ಬುಡದಲ್ಲಿ ಮಣ್ಣು ಸರಿದ ಹಾಗೆ ಆಯಿತು. ಆಗ ಡಾಕ್ಟರರ ಕೈ ಒಂದು ಕಡೆ ನಿಂತಿತು. ಅಲ್ಲಿಯೂ ಗಂಟು ಕಾಣುತ್ತಿರಲಿಲ್ಲ. ಸುತ್ತಲಿನ ಕೊಬ್ಬಿನ ಬಣ್ಣವೇ ಅದರ ಬಣ್ಣ, ಮೊಸರಿನಲ್ಲಿ ಬೆಣ್ಣೆಯ ಉಂಡೆ ಮುಳುಗಿದ ಹಾಗೆ. ಆದರೆ ಅದರ ಕೆಳಗೆ, ಕಿಟಕಿಯ ಕೆಳಗಿನ ನೆಲದಲ್ಲಿ ಬೆಳಕು ಬಿದ್ದ ಹಾಗೆ, ಒಂದು ಪಟ್ಟಿ ಬಿಳುಪು. ಮೇಲೆ ಏನೋ ಇದ್ದರಲ್ಲವೆ ಕೆಳಗೆ ಆ ಬೆಳಕು? ಡಾಕ್ಟರು ಆ ಬೆಳಕಿನ ಜಾಡು ಹಿಡಿದು ಮೇಲೆ ಬಂದರು. ಒತ್ತಿದರು. ಮೆತ್ತಗಿನ ಒಂದು ಅಂಚು ಅಲುಗಿ, ಮತ್ತೆ ಮರೆಯಾಯಿತು.

"ಹೈ," ಎಂದರು ಉಸಿರಿನಲ್ಲಿ. "ಇಧರ್ ಹೀ ಹೈ. ಇಲ್ಲೇ."

ಸೂಜಿಯ ತುದಿಯಲ್ಲಿ ಬಂದದ್ದನ್ನು ಸುಂದರಿ ನೋಡಿದಳು. ರಕ್ತವಲ್ಲ, ನೀರಲ್ಲ. ಬೇಸಿಗೆಯಲ್ಲಿ ಸ್ಟೇಷನ್ ಹೊರಗೆ ಮಾರುವ ತಾಡ್‌ಗೋಳೆಯ, ಎಂದರೆ ತಾಟಿನುಂಗಿನ, ತಿರುಳಿನ ಹಾಗೆ, ಬೆಳಕು ಹಾಯುವ ಲೋಳೆ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಕ್ಯಾನ್ಸರೇ. ಆದರೆ ಬಹಳ ಅಪರೂಪದ ಜಾತಿ, ಎದೆಯ ಕ್ಯಾನ್ಸರ್ ಆದ ನೂರು ಜನರಲ್ಲಿ ಇಬ್ಬರಿಗೋ ಮೂವರಿಗೋ, ಅದೂ ಹೆಚ್ಚಾಗಿ ವಯಸ್ಸಾದವರಿಗೆ. ಜಯಲತಾ ಬಿಡಿಸಿ ಹೇಳಿದಳು: ಅದು ತನ್ನ ಸುತ್ತ ಲೋಳೆ ಸುರಿಸಿಕೊಂಡು ಅದರೊಳಗೆ ತೇಲುತ್ತದೆ. ಅದಕ್ಕೇ ಮೆತ್ತಗೆ, ಅದಕ್ಕೇ ಉರುಟು, ಅದಕ್ಕೇ ಮುಳ್ಳಿಲ್ಲ. ಒಳ್ಳೆಯವರ ವೇಷ ಹಾಕಿಕೊಂಡು ಬಂದು ಕೂರುತ್ತದೆ. ಆದರೆ ಅವಸರದ್ದಲ್ಲ, ಬೇಗ ಸಿಕ್ಕಿದರೆ ತೆಗೆದು ಬಿಸಾಡಬಹುದು. "ಇಪ್ಪತ್ತು ವರ್ಷ ನಾನು ಎಷ್ಟು ಜನಕ್ಕೆ ಉರುಟು ಅಂದ್ರೆ ಬಚಾವ್ ಅಂದಿದ್ದೇನೋ ಸುಂದರಕ್ಕ," ಎಂದಳು ಜಯಲತಾ.

ಡಾಕ್ಟರು ಸುಂದರಿಯನ್ನು ಒಬ್ಬಳೇ ಕರೆದು, "ಮಾವಶಿ, ಅವರಿಗೆ ಹೇಳಿದ್ದು ತುಮ್ಹೀಚ್ ನಾ?" ಎಂದು ಕೇಳಿದರು. ಸುಂದರಿ ಹೌದೆಂದಳು. ಗೋಲ್ ಎಂದು ಹೇಳಿದ್ದೆ, ಬೇರೆ ಕೇಳಿಸಿತು ಎಂದಳು. ಡಾಕ್ಟರು ಮೇಜಿನ ಮೇಲಿನ ಪೆನ್ನನ್ನು ಆಚೆ ಇಟ್ಟು ಈಚೆ ಇಟ್ಟು, "ಇನ್ನು ಮುಂದೆ ಯಾರಿಗೂ ಏನೂ ಹೇಳಬೇಡಿ. ಪ್ಲೀಸ್," ಎಂದರು. ಅಷ್ಟೇ. ಕೆಲಸದಿಂದ ತೆಗೆಯಲಿಲ್ಲ.

ಫೆಬ್ರವರಿಯಲ್ಲಿ ಎಂಆರ್‌ಐ ಮಾಡಿಸಲು ನವಿ ಮುಂಬೈಗೆ ಹೋಗಬೇಕಾಯಿತು, ನೆರುಳಿನ ದೊಡ್ಡ ಆಸ್ಪತ್ರೆಗೆ. ಸುಂದರಮ್ಮ ಬರಬೇಕೆಂದು ಸುಬ್ಬಲಕ್ಷ್ಮಿ ಹಟ ಮಾಡಿದರು. ಸುಂದರಿ ರಜೆ ಹಾಕಿ ಹೋದಳು. ಠಾಣೆಯಲ್ಲಿ ಬದಲಿಸಿ ಹತ್ತಿದ್ದು, ಐರೋಳಿ, ಘನ್ಸೋಳಿ ದಾಟಿ, ಗಾಜಿನ ಕಟ್ಟಡಗಳ ನಡುವೆ ನಡೆಯುವ ಖಾಲಿ ಗಾಡಿ ಅದು. ಅಶ್ವತ್ಥನಾರಾಯಣರೂ ಸೇರಿ ಮೂವರೂ ಕಿಟಕಿಯ ಬದಿಗೆ ಕೂತು ಹೋದರು. ಯಂತ್ರದ ಗುಹೆಯಿಂದ ಹೊರಗೆ ಬಂದಾಗ ಸುಬ್ಬಲಕ್ಷ್ಮಿಯವರ ಕಣ್ಣು ಬೇರೆ ಲೋಕದಲ್ಲಿತ್ತು.

"ಎಷ್ಟು ಸದ್ದು ಕಣ್ರೀ ಒಳಗೆ! ಟಕಟಕ, ಗೊರ್, ಪೀಂ. ಹೆದರಿಕೆ ಆಗಲೇ ಇಲ್ಲ. ಬೋರ್ಡಿನ ಎಲ್ಲ ಲೈನೂ ಒಟ್ಟಿಗೆ ಬಂದ ಹಾಗಿತ್ತು. ಸೂರತ್ತಿಗೆ ಕೊಟ್ಟೆ, ಲುಧಿಯಾನಕ್ಕೆ ಕೊಟ್ಟೆ, ಎಲ್ಲರಿಗೂ ಕೊಟ್ಟು ಮುಗಿಸಿಬಿಟ್ಟೆ. ಆಮೇಲೆ ನಿದ್ದೆ ಬಂತು."

ಹೊರಗೆ ಬಂದು, ಅಲ್ಲೇ ಹತ್ತಿರದ ಕೆರೆಯ ಬಳಿ ಕೂತರು. ನೀರಿನ ತುಂಬ ಗುಲಾಬಿ ಹಕ್ಕಿಗಳು, ಸಾವಿರವಿರಬಹುದು, ಒಂಟಿ ಕಾಲಿನಲ್ಲಿ, ಯಾರೋ ಬರಹೇಳಿ ಮರೆತುಹೋದವರ ಹಾಗೆ ನಿಂತಿದ್ದವು. ಅಶ್ವತ್ಥನಾರಾಯಣ ಮಫ್ಲರ್ ಬಿಚ್ಚಿ ಹೆಂಡತಿಯ ತಲೆಗೆ ಸುತ್ತಿದರು. "ಬಲಗಿವಿ ಬಿಟ್ಟು ಸುತ್ತಲಾ, ಸೇರಿಸಿ ಸುತ್ತಲಾ?" ಎಂದು ಕೇಳಿದರು, ಆ ಕಿವಿಯ ಗುಟ್ಟು ಅವರಿಗೂ ಈಗ ತಿಳಿದಿತ್ತು. "ಸೇರಿಸಿಯೇ ಸುತ್ತಿ, ಅದಕ್ಕೂ ರಜೆ," ಎಂದರು ಅವರು.

ಎಂಆರ್‌ಐ ಚಿತ್ರವನ್ನು ಜಯಲತಾ ಆಮೇಲೆ ಸುಂದರಿಗೆ ತೋರಿಸಿದಳು. ಒಂದರಲ್ಲಿ ಮೋಸ ಮಾಡಿ, ಇನ್ನೊಂದರಲ್ಲಿ ಅಡಗಿದ್ದ ಅದು, ಇದರಲ್ಲಿ ಮುಖ ಮುಚ್ಚಿಕೊಳ್ಳಲಾಗದೆ ಉರಿಯುತ್ತಿತ್ತು. ಲೋಳೆ, ನೀರು ಇದರಲ್ಲಿ ಹೊಳೆಯುತ್ತದಂತೆ. ಇಡೀ ಕಪ್ಪಿನಲ್ಲಿ ಅಷ್ಟು ಬೆಳ್ಳಗೆ ಬೇರೊಂದಿರಲಿಲ್ಲ. ಇಷ್ಟು ಚಂದದ್ದು ಕೆಟ್ಟದ್ದೆಂದು ನಂಬಲು ಸುಂದರಿಗೆ ಕಷ್ಟವಾಯಿತು. ಬಹಳ ಹೊತ್ತು ನೋಡಿ, ನಂಬಿದಳು.

ಮಾರ್ಚಿನಲ್ಲಿ ಅದನ್ನು ತೆಗೆದರು. ಕಂಕುಳಿಗೆ ಹರಡಿರಲಿಲ್ಲ. ಆಮೇಲೆ ದಿನಕ್ಕೊಂದು ಮಾತ್ರೆ. ಆಮೇಲಿನ ದಿನಗಳಲ್ಲಿ ಪ್ರತಿ ಭಾನುವಾರ ಸುಂದರಿಯ ಫೋನು ರಿಂಗಾಗುತ್ತಿತ್ತು, ಎತ್ತಿದರೆ "ಕಲ್ಯಾಣ್ ಸ್ಪೀಕಿಂಗ್." ಒಮ್ಮೆ ಟಿಟ್ವಾಳಾದ ಗಣಪತಿಗೆ ಮೂವರೂ ಹೋಗಿ ಬಂದರು. ದಾರಿಯುದ್ದಕ್ಕೂ ಸುಬ್ಬಲಕ್ಷ್ಮಿ ಕರಾವಳಿಯ ಶಬ್ದ ಕೇಳಿ ಕೇಳಿ ಕಲಿತರು, ಒಂದೊಂದನ್ನೂ ಎರಡು ಸಲ ಹೇಳಿಸಿ. ಕಿವಿಯ ಮಿಷನ್ ಹಾಕಿಸೋಣವೆಂದು ಗಂಡ ಎಷ್ಟು ಹೇಳಿದರೂ ಒಪ್ಪಲಿಲ್ಲ. "ಈ ಕಿವಿ ಸರಿಯಿದ್ದಿದ್ರೆ ನಿಮಗೆ ಹೆಂಡತಿ ಇರ್ತಿರಲಿಲ್ಲ, ಸುಮ್ಮನಿರಿ," ಅನ್ನುತ್ತಿದ್ದರು. ಮೂರನೇ ವರ್ಷದ ಮಳೆಗಾಲದಲ್ಲಿ, ಊಟವಾದಮೇಲೆ ಮಲಗಿದ ಸುಬ್ಬಲಕ್ಷ್ಮಿ ಏಳಲಿಲ್ಲ. ಹೃದಯ ನಿಂತಿತ್ತು. ಎದೆಯ ಆ ಗಂಟು ಮತ್ತೆ ಬರಲೇ ಇಲ್ಲ.

ಅದಕ್ಕೆ ಮೊದಲಿನ ಜನವರಿಯಲ್ಲಿ ಅವರು ವರ್ಷದ ಮ್ಯಾಮೋಗ್ರಫಿಗೆ ಬಂದಿದ್ದರು. ಚಿತ್ರ ಸ್ವಚ್ಛವಾಗಿತ್ತು, ಬೂದು ಬಯಲು ಮಾತ್ರ. ಪರದೆಯ ಹಿಂದೆ ಸುಂದರಿ ಗೌನಿನ ಕಸೆ ಬಿಚ್ಚುತ್ತಿದ್ದಳು. ಸುಬ್ಬಲಕ್ಷ್ಮಿ ಪರದೆಯ ಸಂದಿನಿಂದ ಹೊರಗಿನ ಬೆಂಚನ್ನು ನೋಡುತ್ತಿದ್ದರು. ಅಲ್ಲಿ ಹೊಸದಾಗಿ ಬಂದ ಒಬ್ಬ ವಯಸ್ಸಾದ ಹೆಂಗಸು, ಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಗೋಡೆಯ ಪೋಸ್ಟರನ್ನೇ ನೋಡುತ್ತ ಕೂತಿದ್ದಳು.

"ಡಾಕ್ಟರು ಬಾಯಿ ಬಿಡಬೇಡಿ ಅಂದಿದಾರಲ್ವಾ ನಿಮಗೆ?" ಎಂದರು ಸುಬ್ಬಲಕ್ಷ್ಮಿ.

"ಹೌದಮ್ಮ. ಆವತ್ತಿನಿಂದ ಬಿಡಲಿಲ್ಲ."

ಸುಬ್ಬಲಕ್ಷ್ಮಿ ಮೆಲ್ಲ ತಿರುಗಿ, ಎಡಗಿವಿಯನ್ನು ಅವಳ ಬಾಯಿಯ ಹತ್ತಿರ ತಂದು, ಉತ್ತರಕ್ಕೆ ಕಾದ ಹಾಗೆ ನಿಂತು ಕೇಳಿದರು:

"ಇನ್ನರ್ಧ ಗಂಟೆಗೆ ಅವಳು ಇಲ್ಲೇ ನಿಂತು 'ಏನಂತೆ' ಅಂತ ಕೇಳ್ತಾಳಲ್ಲ ಸುಂದರಮ್ಮ, ಅವಳಿಗೇನು ಹೇಳ್ತೀರಿ?"